ಕ್ಲೆಮ್ ವೊರಾಲ್‌ನ ನಾಯಿ ಎಣ್ಣೆ

ಗಾಂಜಾಕ್ಕೆ ಹೆಸರಾದ ನಮ್ಮ ನಿಂಬಿನ್ ಕಣಿವೆಯಲ್ಲಿ ಓದಿದ ಪಶುವೈದ್ಯೆ ಒಬ್ಬಳೇ. ಓದದವರು ಮನೆಗೆ ಇಬ್ಬರಂತೆ ಇದ್ದಾರೆ. ಅವರೆಲ್ಲರ ಗುರು ನನ್ನ ಪಕ್ಕದ ಮನೆಯ ಕ್ಲೆಮ್ ವೊರಾಲ್. ಇಪ್ಪತ್ತು ವರ್ಷ ಹಸುಗಳ ಹಾಲು ಕರೆದ, ಆಮೇಲೆ ಗಡ್ಡ ಬಿಟ್ಟ. ನಮ್ಮಲ್ಲಿ ಪಂಡಿತನಾಗಲು ಅಷ್ಟು ಸಾಕು.

ಭಾನುವಾರದ ಸಂತೆಯಲ್ಲಿ ಅವನದೊಂದು ಮೇಜು. ಮೇಲೆ ನಾಯಿಗಳಿಗೆಂದು ಕಾಸಿದ ಗಾಂಜಾ ಎಣ್ಣೆಯ ಸೀಸೆಗಳು, ಕೆಳಗೆ ಅವನ ಹದಿಮೂರು ವರ್ಷದ ನಾಯಿ ಟಿಲ್ಲಿ. ಹೆಂಡತಿ ಬಿಟ್ಟುಹೋದ ಮೇಲೆ ಅವನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅದರೊಂದಿಗೆ ಮಾತ್ರ.

“ಕೀಲುನೋವಿಗೆ ಆಗುತ್ತಾ ಕ್ಲೆಮ್?” ಎಂದು ವಾಲ್ಮಾ ಕೇಳುತ್ತಿದ್ದಳು. ಅವಳ ಚೀಲದಲ್ಲಿ ಒಂದು ಪುಟಾಣಿ ನಾಯಿ ಸದಾ ನಡುಗುತ್ತಿರುತ್ತದೆ.

“ಆಗದೆ ಏನು? ಕೀಲಿಗೆ, ಕಜ್ಜಿಗೆ, ಗುಡುಗಿನ ಭಯಕ್ಕೆ. ಅದು ಪೋಸ್ಟ್‌ಮ್ಯಾನ್‌ನ ಕಚ್ಚುತ್ತಲ್ಲ, ಅದಕ್ಕೂ ಎರಡು ಹನಿ ಹಾಕು.”

ಬಿಸ್ಕತ್ತಿಗೆ ಹಾಕಲು ಗಾಂಜಾ ಎಲೆಯನ್ನು ಬೆಣ್ಣೆಯಲ್ಲಿ ಕುದಿಸಿ, ಸೋಸಿ, ಉಳಿದ ಗಸಿಯನ್ನು ಗೊಬ್ಬರದ ಗುಂಡಿಗೆ ಸುರಿಯುವುದು ನಮ್ಮೂರಿನ ಪದ್ಧತಿ. ಅದರಲ್ಲಿ ಸತ್ವವೇ ಉಳಿದಿರುವುದಿಲ್ಲ ಎಂಬುದು ಪಂಡಿತರ ಒಮ್ಮತ. ಈ ಒಮ್ಮತ ಟಿಲ್ಲಿಗೆ ತಿಳಿದಿರಲಿಲ್ಲ. ಒಂದು ಮಂಗಳವಾರ ಬೆಳಗ್ಗೆ, ಕ್ಲೆಮ್ ತನ್ನ ಬಿಸ್ಕತ್ತಿಗೆ ಬೆಣ್ಣೆ ಸೋಸಿದ ಮೇಲೆ, ಅದು ವಾಸನೆ ಹಿಡಿದು ಹೋಗಿ ಗುಂಡಿಯನ್ನು ನೆಕ್ಕಿ ಚೊಕ್ಕ ಮಾಡಿತು. ಹತ್ತು ಗಂಟೆಗೆ ಅದರ ಕಾಲು ಸೋತು, ತಲೆ ತೂಗತೊಡಗಿ, ನಿಂತಲ್ಲೇ ಉಚ್ಚೆ ತೊಟ್ಟಿಕ್ಕುತ್ತಿತ್ತು.

“ಗಾಡಿ ತೆಗಿಯೋ, ಗಸಿ ತಿಂದ್ಬಿಟ್ಟಿದೆ” ಎಂದು ಕ್ಲೆಮ್ ನಾಯಿಯನ್ನು ಎತ್ತಿಕೊಂಡು ನನ್ನ ಗೇಟಿಗೆ ಬಂದ.

ಆಸ್ಪತ್ರೆಯಲ್ಲಿ ಕಾಯುತ್ತಿದ್ದವರು ನಾಲ್ವರು, ನಾಲ್ವರೂ ಅವನ ಗಿರಾಕಿಗಳೇ. ಮುಂದಿನ ಬೆಂಚಿನಲ್ಲೇ ವಾಲ್ಮಾ.

“ಏನು ತಿಂತು?” ಎಂದು ಡಾಕ್ಟರ್ ಇಮೋಜೆನ್ ಕೇಳಿದಳು.

ಕ್ಲೆಮ್ ಬೆಂಚಿನ ಕಡೆ ನೋಡಿದ. “ಏನೂ ಇಲ್ಲ. ಉಣ್ಣಿ ಕಚ್ಚಿರಬೇಕು.”

ಸುಳ್ಳು ಚೆನ್ನಾಗಿಯೇ ಇತ್ತು. ನಮ್ಮ ಕಡೆಯ ಉಣ್ಣಿ ಕಚ್ಚಿದರೂ ನಾಯಿಗೆ ಮೊದಲು ಸೋಲುವುದು ಹಿಂಗಾಲೇ. ನನಗೆ ಮೈಯೆಲ್ಲ ಉರಿಯಿತು.

ಡಾಕ್ಟರ್ ರೋಮದಲ್ಲೆಲ್ಲ ಬೆರಳಾಡಿಸಿದಳು. “ಉಣ್ಣಿ ಸಿಗ್ತಿಲ್ಲ. ನೀನು ಹಾಗಂದ್ರೆ ಉಣ್ಣಿ ವಿಷ ಇಳಿಸೋ ಸೀರಮ್ಮೇ ಕೊಡಬೇಕಾಗುತ್ತೆ. ಈ ವಯಸ್ಸಲ್ಲಿ ಅದು ಒಗ್ಗದೆ ಜೀವ ಹೋದ್ರೂ ಹೋಯ್ತು. ಇನ್ನೊಂದ್ಸಲ ಕೇಳ್ತೀನಿ ಕ್ಲೆಮ್, ಏನು ತಿಂತು?”

ಕ್ಲೆಮ್ ಟಿಲ್ಲಿಯ ತಲೆಯ ಮೇಲೆ ಕೈಯಿಟ್ಟ.

“ಗಾಂಜಾ. ಬೆಣ್ಣೆ ಗಸಿ. ನಂದೇ.”

ಗ್ಲೂಕೋಸ್ ಹನಿಸಿ, ಬೆಚ್ಚಗಿನ ಕತ್ತಲೆ ಕೋಣೆಯಲ್ಲಿ ಮಲಗಿಸಿದರು. ಮೂರನೆಯ ದಿನ ಟಿಲ್ಲಿ ಎದ್ದು ನಡೆಯಿತು. ಮನೆಗೆ ಕಳಿಸುವಾಗ ಡಾಕ್ಟರ್ ಕ್ಲೆಮ್‌ನನ್ನು ಕೂರಿಸಿಕೊಂಡಳು.

“ನಶೆ ಏರಿಸೋ ಅಂಶ ನಾಯಿಗೆ ವಿಷ ಕಣಪ್ಪ. ಅದನ್ನ ತೆಗೆದ ಎಣ್ಣೆ ಬೇರೆ. ತೂಕ ನೋಡಿ, ಅಳೆದು, ಆಗಾಗ ರಕ್ತ ಪರೀಕ್ಷೆ ಮಾಡಿಸ್ಕೊಂಡು ಕೊಟ್ರೆ ಕೆಲವು ನಾಯಿಗಳ ಕೀಲುನೋವಿಗೆ ಒಂಚೂರು ಅನುಕೂಲ ಆಗಬಹುದು. ಅಷ್ಟೇ. ನಿನ್ನ ಸೀಸೇಲಿ ಯಾವುದು ಎಷ್ಟಿದೆ?”

ಕ್ಲೆಮ್ ಟಿಲ್ಲಿಯನ್ನು ಎತ್ತಿಕೊಂಡು ಗಾಡಿಯತ್ತ ನಡೆದ.

ಇವನ ವ್ಯಾಪಾರ ಮುಳುಗಿತು ಎಂದುಕೊಂಡೆ ನಾನು. ಇಷ್ಟು ವರ್ಷ ಇಲ್ಲಿದ್ದೂ ನನಗೆ ಬುದ್ಧಿ ಬಂದಿಲ್ಲ. ಮುಂದಿನ ಭಾನುವಾರ ಅವನ ಮೇಜಿನ ಮುಂದೆ ರಸ್ತೆವರೆಗೂ ಸಾಲು.

“ಎರಡು ದಿನ ನಾಯೀನ ಮಲಗಿಸ್ತಂತಲ್ಲ” ಎಂದಳು ವಾಲ್ಮಾ. “ಅಂದ್ರೆ ಮಾಲು ಅಸಲಿ. ಇನ್ನೆರಡು ಕೊಡು.”

ಮೇಜಿನ ಮೇಲೆ ಸೀಸೆಗಳಿರಲಿಲ್ಲ, ಒಂದು ಖಾಲಿ ಡಬ್ಬಿ ಇತ್ತು.

“ಕೊಡೋಕೆ ಬಂದಿಲ್ಲ, ಮಾರಿದ ಸೀಸೆ ವಾಪಸ್ ಇಸ್ಕೊಳ್ಳೋಕೆ ಬಂದಿದೀನಿ” ಎಂದ ಕ್ಲೆಮ್. “ಅದರಲ್ಲೇನಿದೆ ಅಂತ ನಂಗೊತ್ತಿಲ್ಲ ವಾಲ್ಮಾ. ಯಾವತ್ತೂ ಗೊತ್ತಿರಲಿಲ್ಲ. ದಮ್ಮಯ್ಯ, ಇದರೊಳಗೆ ಹಾಕು.”

ವಾಲ್ಮಾ ಚೀಲವನ್ನು ಎದೆಗವಚಿಕೊಂಡಳು. ಒಳಗೆ ನಾಯಿ ನಡುಗುತ್ತಿತ್ತು.

“ನಿಂಗೆ ಡಾಕ್ಟರ್ ತಲೆ ಕೆಡಿಸಿದಾಳೆ” ಎಂದು ಹೊರಟುಹೋದಳು. ಕ್ಲೆಮ್ ಸಾಲಿನಲ್ಲಿದ್ದ ಒಬ್ಬೊಬ್ಬರ ಮುಂದೆಯೂ ಡಬ್ಬಿ ಹಿಡಿದ. ಸಂಜೆ ಅದನ್ನು ಖಾಲಿಯಾಗಿಯೇ ಮನೆಗೆ ತಂದ.