ತಾತ ನಿಲ್ಲಿಸಿದ ಮದುವೆ ಮೆರವಣಿಗೆ

ಮೊನ್ನೆ ಮಗಳು ಜಾಜ್ ಕೇಳಿಸ್ತೀನಿ ಅಂತ ಮೈಸೂರಿಗೆ ಕರಕೊಂಡು ಹೋದಳು. ಸ್ಯಾಕ್ಸೊಫೋನಿನವನು ಸ್ವಲ್ಪ ಹೊತ್ತು ಹಾಡನ್ನು ನೆಟ್ಟಗೆ ನುಡಿಸಿ, ಆಮೇಲೆ ಅದನ್ನು ಬಿಟ್ಟು ತನ್ನ ಪಾಡಿಗೆ ಎಲ್ಲೆಲ್ಲೋ ಅಲೆಯತೊಡಗಿದ. ನನಗೆ ಕೊಳ್ಳೇಗಾಲದ ನಮ್ಮ ಬೀದಿ ನೆನಪಾಯಿತು.

ಚಿಕ್ಕಪ್ಪನ ಮದುವೆ ಮೆರವಣಿಗೆಗೆ ಮಾರ್ಟಳ್ಳಿಯಿಂದ ಬ್ಯಾಂಡ್ ಸೆಟ್ ಬಂದಿತ್ತು. ಅದರಲ್ಲೊಬ್ಬ ಸ್ಯಾಕ್ಸೊಫೋನಿನ ಮುದುಕ, ಹಿಂದೆ ಬೆಂಗಳೂರಿನ ಕ್ಲಬ್ಬುಗಳಲ್ಲಿ ಜಾಜ್ ನುಡಿಸಿದವನಂತೆ. ಸಿನಿಮಾ ಹಾಡು ಶುರು ಮಾಡಿ ಅರ್ಧದಲ್ಲೇ ಹೀಗೇ ಹೊರಟುಬಿಟ್ಟ. ನಮ್ಮ ತಾತ ರೇಷ್ಮೆ ಸೀರೆ ನೇಯುವವರು. ಮಗ್ಗದಲ್ಲಿ ಎಳೆ ತುಂಡಾದರೆ, ಅದನ್ನು ಕಟ್ಟುವ ತನಕ ಲಾಳಿ ಮುಟ್ಟುತ್ತಿರಲಿಲ್ಲ. ಅವತ್ತೂ ಹಾಗೇ, ಕೈ ಅಡ್ಡ ಹಿಡಿದು ಮೆರವಣಿಗೆಯನ್ನೇ ನಿಲ್ಲಿಸಿದರು.

"ತಡೀರ್ಲಾ, ಎಳೆ ಬುಟ್ಟವ್ನೆ. ಕಟ್ಲಿ, ಆಮೇಲೆ ಓಗುವ."

"ಮೂರ್ತ ಮೀರೋಯ್ತದೆ, ನಡೀರಿ ಅತ್ಲಾಗೆ," ಅಂತ ಅಜ್ಜಿ ಗದರಿದರು. ತಾತ ಕಣ್ಣು ಮುಚ್ಚಿ ನಿಂತೇ ಇದ್ದರು. ಕೇಳೋರು ಸಿಕ್ಕ ಖುಷಿಗೆ ಮುದುಕ ಹಾಡಿನಿಂದ ಇನ್ನೂ ದೂರ ಹೋದ. ಕೊನೆಗೆ ಚಿಕ್ಕಪ್ಪ ಪೇಟ ಕಂಕುಳಲ್ಲಿಟ್ಟುಕೊಂಡು ಛತ್ರಕ್ಕೆ ಓಡಿದ. ತಾಳಿ ಕಟ್ಟುವ ಫೋಟೊದಲ್ಲಿ ತಾತನೂ ಇಲ್ಲ, ಬ್ಯಾಂಡಿನವರೂ ಇಲ್ಲ. ಎಲ್ಲರೂ ಊಟದ ಹೊತ್ತಿಗೆ ಬಂದರು.

"ಎಳೆ ಎಂಗ್ ಕಟ್ದ ಅಂತೀಯ," ಎಂದರು ತಾತ, ಪಂಕ್ತಿಯಲ್ಲಿ ಕೂರುತ್ತಾ. ಅಜ್ಜಿ ಆ ಎಲೆಗೆ ಪಾಯಸ ಬಡಿಸಲಿಲ್ಲ.

"ಅಮ್ಮಾ, ಏಳು, ಕೊಳ್ಳೇಗಾಲದ ಕೊನೆ ಬಸ್ಸು ಹೋಗುತ್ತೆ," ಅಂತ ಇತ್ತ ಮೈಸೂರಿನಲ್ಲಿ ಮಗಳು ಪಿಸುಗುಟ್ಟಿದಳು.

"ತಡ್ಯವ್ವ, ಅವ್ನು ಇನ್ನೂ ಎಳೆ ಕಟ್ಟಿಲ್ಲ," ಅಂದೆ.

ಬಸ್ಸು ತಪ್ಪಿತು. ಆದರೆ ಏನ್ ಚೆಂದ ಕಟ್ಟಿದ ಅಂತೀರಿ.