ಆರು ನಂಬರಿನ ಗಡಿಯಾರ

ಆ ಮಧ್ಯಾಹ್ನ ಫಿಸಿಕ್ಸ್ ಲ್ಯಾಬಿನಲ್ಲಿ ಇದ್ದವರು ಮೂರೇ ಜನ. ನಾನು, ನಮ್ಮ ಅಟೆಂಡರ್, ಸಾಕ್ಷಿಗೊಬ್ಬರು ಇರಲಿ ಎಂದು ಪ್ರಿನ್ಸಿಪಾಲರು ಕಳಿಸಿದ್ದ ಗಣಿತದ ಮೇಡಂ. ಕೆಟ್ಟ ಸಾಮಾನುಗಳ ಪಟ್ಟಿ ಮಾಡಿ ಗುಜರಿಗೆ ಹಾಕುವ ಕೆಲಸ. ಮೂಲೆಯ ಬೀರು ತೆಗೆದ ಕೂಡಲೇ ಹಳೇ ಹಿತ್ತಾಳೆ, ಸ್ಪಿರಿಟ್ಟು, ತುಕ್ಕು ಎಲ್ಲ ಸೇರಿದ ವಾಸನೆ ಮುಖಕ್ಕೆ ಹೊಡೆಯಿತು. ಅಟೆಂಡರ್ ಒಂದೊಂದೇ ತೆಗೆದು ಮೇಜಿನ ಮೇಲಿಡುತ್ತಾ ಬಂದ. ಕೊನೆಗೊಂದು ಸ್ಟಾಪ್ ಕ್ಲಾಕ್. ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಆರು ಎಂಬ ಅಂಕಿ. ಅವನು ಕೀ ಕೊಟ್ಟು ಕಿವಿಗೆ ಹಿಡಿದ.

"ಇದಿನ್ನೂ ಓಡ್ತದೆ ಸಾ. ಇಟ್ಕಳಣ್ವಾ?"

ನಾನು ಅದನ್ನು ಕೈಗೆ ತೆಗೆದುಕೊಂಡೆ. ಆ ಗಡಿಯಾರ ನನಗೆ ಗೊತ್ತಿತ್ತು. ಇದೇ ಲ್ಯಾಬಿನಲ್ಲಿ, ಇದೇ ಕಿಟಕಿಯ ಪಕ್ಕದಲ್ಲಿ, ಅದನ್ನು ನಾನು ನಮ್ಮ ಮೇಷ್ಟ್ರ ಕೈಗೆ ಕೊಟ್ಟಿದ್ದೆ...

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಗುಬ್ಬಿಯಲ್ಲಿ ಒಂದು ಹೆಂಚಿನ ಮನೆಯ ಮುಂದಿನ ಕೋಣೆಯಲ್ಲಿ ಗಣಿತಕ್ಕೂ ಫಿಸಿಕ್ಸಿಗೂ ಟ್ಯೂಷನ್ ಹೇಳುತ್ತಿದ್ದವರು. ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನಮ್ಮ ಕಡೆಯಿಂದ ತುಮಕೂರಿಗೆ ಬಿ.ಎಸ್ಸಿ.ಗೆ ಹೋಗುತ್ತಿದ್ದ ಹುಡುಗರು ಅವರ ಚಾಪೆಯ ಮೇಲೆ ಕೂರದೆ ಪಾಸಾಗುತ್ತಿದ್ದದ್ದು ಕಡಿಮೆ. "ಇವೆರಡೂ ಜೋಡೆತ್ತು ಕಣ್ರೋ" ಅನ್ನುತ್ತಿದ್ದರು. "ಒಂದು ಎಳ್ದು ಇನ್ನೊಂದು ನಿಂತ್ಕಂಡ್ರೆ ಗಾಡಿ ಗುಂಡೀಗೆ."

ಅವರ ಗಾಡಿಯೇ ಗುಂಡಿಯಲ್ಲಿತ್ತು. ಮೂರು ವರ್ಷದ ಪೇಪರುಗಳೆಲ್ಲ ಪಾಸು. ಮೊದಲನೇ ವರ್ಷದ ಫಿಸಿಕ್ಸ್ ಪ್ರಾಕ್ಟಿಕಲ್ ಒಂದೇ ಬಾಕಿ. ಒಂದು ಸಲ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಮೈಮೇಲೆ ಅಮ್ಮ ಎದ್ದು ಹಾಸಿಗೆ ಹಿಡಿದಿದ್ದರಂತೆ. ಇನ್ನೊಂದು ಸಲ ಎಕ್ಸಾಮಿನರ್ ಜೊತೆ ವಾದಕ್ಕೆ ಬಿದ್ದರಂತೆ. ಹೀಗೇ ವರ್ಷಗಳು ಸರಿದು, ವಿಶ್ವವಿದ್ಯಾಲಯ ಕೊಡುವ ಅವಕಾಶಗಳಲ್ಲಿ ಕೊನೆಯದು ನಾನು ಮೊದಲನೇ ವರ್ಷದಲ್ಲಿದ್ದಾಗ ಬಂತು. ಕುಣಿಗಲ್ ಹತ್ತಿರದ ಒಂದು ಹೈಸ್ಕೂಲಿನವರು, ಡಿಗ್ರಿ ಕಾಗದ ತನ್ನಿ, ನಿಮಗೇ ಜಾಗ ಇಟ್ಟಿರುತ್ತೇವೆ, ಬಿ.ಎಡ್. ಆಮೇಲೆ ಮಾಡಿಕೊಳ್ಳುವಿರಂತೆ ಎಂದಿದ್ದರು. ಈ ಸಲ ಪಾಸಾದರೆ ಮೇಷ್ಟ್ರು ನಿಜವಾಗಿ ಮೇಷ್ಟ್ರಾಗುತ್ತಿದ್ದರು. ಆಗದಿದ್ದರೆ ಎಂದೆಂದಿಗೂ ಇಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಸ್ಟೇಷನ್ನಿಗೆ ಹೊರಟೆವು. ಟೀ ಅಂಗಡಿಯವನು ಬಿಡಲಿಲ್ಲ. "ಏನ್ ಮೇಷ್ಟ್ರೇ, ನಿಮ್ ಹುಡುಗ್ರೆಲ್ಲ ಎಮ್ಮೆಸ್ಸಿ ಮುಗ್ಸಿದ್ರು, ನೀವಿನ್ನೂ ಫಸ್ಟ್ ಇಯರ್ರಾ?"

"ನಾನು ರೈಲ್ವೆ ಗೇಟಿನೋನು ಕಣಯ್ಯಾ. ಎಲ್ಲಾರ್ನೂ ದಾಟಿಸ್ಬುಟ್ಟು ಕೊನೇಗೆ ದಾಟ್ತೀನಿ, ಬುಡು" ಎಂದು ನಕ್ಕರು.

ರೈಲಿನಲ್ಲಿ ನನ್ನ ಬರಿಗೈ ನೋಡಿ ತಮ್ಮ ಕೈಗಡಿಯಾರ ಬಿಚ್ಚಿ ನನಗೆ ಕಟ್ಟಿದರು. "ನೀನು ಹೊಸಬ, ಟೈಮ್ ನೋಡ್ಕಳ್ದೆ ಗಾಬರಿ ಆಗ್ತೀಯ" ಎಂದರು. ಪಟ್ಟಿ ಸಡಿಲವಾಗಿತ್ತು, ಮೊಣಕೈವರೆಗೂ ಜಾರುತ್ತಿತ್ತು.

ಲ್ಯಾಬಿನಲ್ಲಿ ನಮ್ಮಿಬ್ಬರಿಗೂ ಒಂದೇ ಪ್ರಯೋಗ ಬಿತ್ತು. ತೂತುಗಳಿರುವ ಉದ್ದನೆಯ ಲೋಹದ ಪಟ್ಟಿಯನ್ನು ತೂಗಬಿಟ್ಟು, ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ನೋಡಿ, ಗ್ರಾಫ್ ಎಳೆದು ಗುರುತ್ವದ ಬೆಲೆ ತೆಗೆಯುವುದು. ಸೆಂಟಿಮೀಟರ್ ಲೆಕ್ಕದಲ್ಲಿ ಅದು ಒಂಬೈನೂರ ಎಂಬತ್ತರ ಹತ್ತಿರ ಬರಬೇಕೆಂದು ಕಾಲೇಜಿನ ಗೋಡೆಗೂ ಗೊತ್ತು. ಗಡಿಯಾರಗಳು ಸಾಲದೆ ಎರಡು ಮೇಜಿಗೆ ಒಂದು ಕೊಟ್ಟಿದ್ದರು. ನಮ್ಮದು ಆರನೇ ನಂಬರು.

"ನೀನು ಮುಗಿಸ್ಕೊ ಮೊದ್ಲು" ಎಂದು ಮೇಷ್ಟ್ರು ಕಣ್ಣಲ್ಲೇ ಹೇಳಿದರು.

ನಾಲ್ಕು ರೀಡಿಂಗ್ ತೆಗೆದು ಲೆಕ್ಕ ಹಾಕಿ ನೋಡಿದರೆ ಸಾವಿರದ ಎಂಬತ್ತರ ಮೇಲೆ! ಕೈಗಡಿಯಾರದ ಪಕ್ಕ ಇಟ್ಟು ನೋಡಿದೆ. ಆರನೇ ನಂಬರು ಕುಂಟುತ್ತಿತ್ತು. ಎದ್ದು ಎಕ್ಸಾಮಿನರಿಗೆ ಹೇಳಬಹುದಿತ್ತು. ಆದರೆ ಹೊರಗಿನಿಂದ ಬಂದ ಆ ಮನುಷ್ಯ ಬೆಳಿಗ್ಗೆಯಿಂದಲೂ ಉರಿಯುತ್ತಿದ್ದ. ಜೊತೆಗೆ ನಮ್ಮಲ್ಲಿ ಇದಕ್ಕೊಂದು ದಾರಿ ಇತ್ತು. ಸೀನಿಯರುಗಳಿಂದ ಜೂನಿಯರುಗಳಿಗೆ ಇಳಿದು ಬಂದದ್ದು. ರೀಡಿಂಗ್ ಕುಕ್ ಮಾಡುವುದು ಎನ್ನುತ್ತಿದ್ದೆವು. ಬರಬೇಕಾದ ಉತ್ತರ ಹಿಡಿದುಕೊಂಡು ಹಿಂದಕ್ಕೆ ನಡೆದು, ಅದಕ್ಕೆ ತಕ್ಕ ಸೆಕೆಂಡುಗಳನ್ನು ಬರೆದುಬಿಡುವುದು. ಸಾಚಾ ಕಾಣಲೆಂದು ಅಲ್ಲಲ್ಲಿ ಚೂರು ತಪ್ಪು ಉದುರಿಸುವುದು. ಸೂತ್ರವನ್ನು ಹಿಂದುಮುಂದು ತಿರುಗಿಸುವುದನ್ನು ನನಗೆ ಅಷ್ಟು ಚೆನ್ನಾಗಿ ಕಲಿಸಿದ್ದವರು ಮೇಷ್ಟ್ರೇ. ಆದರೆ ಅವರು ಕಲಿಸಿದ್ದು ಇದಕ್ಕಲ್ಲ. "ಉತ್ತರ ಗೊತ್ತಿದ್ರೂ ಗೊತ್ತಿಲ್ದೋನ್ ಥರ ಅಳೀಬೇಕು ಕಣ್ಲಾ" ಅನ್ನುತ್ತಿದ್ದರು.

ಅರ್ಧ ಗಂಟೆಯಲ್ಲಿ ಮುಗಿಸಿ, ಗಡಿಯಾರವನ್ನು ಅವರ ಮೇಜಿಗೆ ದಾಟಿಸಿದೆ.

ಅವರು ತೂಗಿದರು, ಎಣಿಸಿದರು, ಬರೆದರು. ಲೆಕ್ಕ ಹಾಕಿ ನಿಂತರು. ಮತ್ತೆ ತೂಗಿದರು. ತುಟಿ ಅಲ್ಲಾಡಿಸುತ್ತಾ ಒಂದು, ಎರಡು, ಮೂರು... ಹೊಸದಾಗಿ ಎಣಿಕೆ ಕಲಿಯುವ ಮಗುವಿನ ಹಾಗೆ. ಕೊನೆಗೆ ಎಕ್ಸಾಮಿನರನ್ನು ಕರೆದು, "ಸಾರ್, ಈ ಕ್ಲಾಕ್ ಮೇಲೆ ಅನುಮಾನ" ಎಂದರು.

ಆತ ನನ್ನ ಹಾಳೆ ಎತ್ತಿ ನೋಡಿದ. ಒಂಬೈನೂರ ಎಪ್ಪತ್ತೊಂಬತ್ತು. "ಇದೇ ಕ್ಲಾಕಲ್ಲಿ ಈ ಹುಡ್ಗಂಗೆ ಬಂದಿದೆಯಲ್ರೀ! ಎಷ್ಟನೇ ಸಲ ನೀವು ಬರ್ತಿರೋದು? ಎಣಿಸೋದಾದ್ರೂ ಕಲೀರಿ."

ಯಾರೋ ಕಿಸಕ್ಕೆಂದರು. ಮೇಷ್ಟ್ರು ನನ್ನ ಕಡೆ ನೋಡಿದರು. ಅನುಮಾನದಿಂದಲ್ಲ... ಕೈಗಡಿಯಾರ ಇಲ್ಲಿದೆಯಲ್ಲ, ಒಂದು ನಿಮಿಷ ಕೊಡು ಎನ್ನುವ ಹಾಗೆ. ಒಂದೇ ಒಂದು ನಿಮಿಷ ಸಾಕಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರೆ ಅವರದ್ದು ನಿಜವಾಗುತ್ತಿತ್ತು, ನನ್ನದು ಸುಳ್ಳಾಗುತ್ತಿತ್ತು. ನಾನು ಅಂಗಿಯ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡು ಮುಗಿದಿದ್ದ ಗ್ರಾಫಿಗೇ ಮತ್ತೆ ಬಗ್ಗಿದೆ.

ಗಂಟೆ ಹೊಡೆದಾಗಲೂ ಅವರು ಎಣಿಸುತ್ತಲೇ ಇದ್ದರು. ಗ್ರಾಫ್ ಹಾಳೆ ಖಾಲಿ. ತಾವು ನಂಬದ ಉತ್ತರವನ್ನು ಬರೆಯುವ ಜಾತಿಯವರಲ್ಲ ಅವರು.

ಸಂಜೆಯ ರೈಲಿನಲ್ಲಿ ಎದುರುಬದುರು ಕೂತಿದ್ದೆವು. ಗುಬ್ಬಿ ಹತ್ತಿರವಾದಾಗ, "ವಾಚ್ ಕೊಡಪ್ಪ" ಎಂದು ಕೈ ಚಾಚಿದರು. ಬಿಚ್ಚಿಕೊಟ್ಟೆ.

"ಒಂಬೈನೂರ ಎಪ್ಪತ್ತೊಂಬತ್ತಾ?"

"ಹೂಂ ಮೇಷ್ಟ್ರೇ."

"ಭೇಷ್ ಕಣೋ. ನಂದೇ ಎಣಿಕೆ ತಪ್ಪಿರೋದು." ವಾಚು ಕಟ್ಟಿಕೊಂಡು ಕಿಟಕಿಯ ಕಡೆ ತಿರುಗಿದರು. ನಾನೂ ತಿರುಗಿದೆ.

ನಾನು ಪಾಸಾದೆ. ಅವರು ಆಗಲಿಲ್ಲ. ಕುಣಿಗಲ್ ಶಾಲೆಯ ಜಾಗಕ್ಕೆ ಬೇರೆಯವರು ಬಂದರು. ಆ ವರ್ಷವೇ ಟ್ಯೂಷನ್ ನಿಲ್ಲಿಸಿಬಿಟ್ಟರು. ಊರವರು ಎಷ್ಟು ಕೇಳಿಕೊಂಡರೂ, "ಇಪ್ಪತ್ತು ಎಣಿಸಕ್ಕೆ ಬರ್ದೋನು ನಿಮ್ ಮಕ್ಳಿಗೆ ಏನ್ ಹೇಳ್ಕೊಡ್ಲಿ?" ಎಂದುಬಿಟ್ಟರಂತೆ. ಆಮೇಲೆ ಕೊಬ್ಬರಿ ಮಂಡಿಯೊಂದರಲ್ಲಿ ಮೂಟೆ ಎಣಿಸುವ ಕೆಲಸಕ್ಕೆ ಸೇರಿದರು. ಒಂದು ಸಲ ಎಣಿಸಿದ್ದನ್ನು ಮತ್ತೊಂದು ಸಲ, ಮಗದೊಂದು ಸಲ ಎಣಿಸುತ್ತಿದ್ದರಂತೆ. ಲಾರಿಯವರು ಬೈಯುತ್ತಿದ್ದರಂತೆ.

ಎಮ್ಮೆಸ್ಸಿ ಮುಗಿದು, ಇದೇ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ ಹಣ್ಣು ಹಿಡಿದುಕೊಂಡು ಮಂಡಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಅವರು ತಕ್ಕಡಿಯ ಪಕ್ಕದಿಂದ ಎದ್ದು ಬಂದು, ಅಲ್ಲಿದ್ದ ಹಮಾಲಿಗಳಿಗೆಲ್ಲ ನನ್ನನ್ನು ತೋರಿಸಿ, "ನೋಡ್ರಪ್ಪಾ, ನನ್ ಹುಡುಗ! ಇವನ ಕೈಯಲ್ಲಿ ರೀಡಿಂಗು ಒಂದು ಕೂದ್ಲೆಳೆ ತಪ್ತಿರ್ಲಿಲ್ಲ" ಎಂದರು. ಅಷ್ಟು ಹೇಳಿದ ಮೇಲೆ ಏನಂತ ಬಾಯಿ ತೆರೆಯುವುದು... ಮುಂದಿನ ಸಲ ಎಂದುಕೊಂಡು ಬಂದೆ. ಮುಂದಿನ ಸಲ ಬರುವಷ್ಟರಲ್ಲಿ ಅವರೇ ಇರಲಿಲ್ಲ. ಎದೆನೋವು ಅಂತ ಮಂಡಿಯಲ್ಲೇ ಕೂತವರು ಏಳಲಿಲ್ಲವಂತೆ. ಮಣ್ಣಿಗೂ ನಾನು ಹೋಗಲಾಗಲಿಲ್ಲ. ತಿಳಿದದ್ದೇ ತಿಂಗಳ ಮೇಲೆ.

"ಸಾರ್, ಇದಕ್ಕೇನು ಬರೀಲಿ?" ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು.

ನನ್ನ ಕೈಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟು ಆರನೇ ನಂಬರನ್ನು ಓಡಿಸಿದೆ. ಮೂವರೂ ಬಗ್ಗಿ ನೋಡಿದೆವು. ಇಲ್ಲಿ ಅರವತ್ತಾದಾಗ ಅಲ್ಲಿ ಐವತ್ತೇಳು.

"ನಿಧಾನ ಓಡುತ್ತೆ, ಬರೀರಿ."

"ಯಾವಾಗ್ಲಿಂದ ಸಾರ್?" ಅವರು ಸುಮ್ಮನೆ ಕೇಳಿದ್ದು.

"ಮೊದಲಿಂದ್ಲೂ" ಎಂದೆ. ಅವರು ಬರೆದರು. ನಾನು ಸಹಿ ಹಾಕಿದೆ.

ಮಾರನೆಯ ದಿನ ಬಟವಾಡಿ ಬಡಾವಣೆಯಿಂದ ಗುಜರಿಯವನು ಬಂದ. ಹಿತ್ತಾಳೆ ಬೇರೆ, ಕಬ್ಬಿಣ ಬೇರೆ ಮಾಡಿ ಚೀಲಕ್ಕೆ ತುಂಬಿ ತೂಗಿದ. ಆಟೋ ಹೊರಟಾಗ ಚೀಲದೊಳಗೆ ಆರನೇ ನಂಬರು ಇನ್ನೂ ಓಡುತ್ತಲೇ ಇತ್ತು.