ಉಗ್ರಾಣದ ಬಾಗಿಲು ತೆಗೆಸಿದವಳು

ರೇಣುಕಾ, ಆ ದಿನ ನಿನ್ನನ್ನು ಹಿಡಿದುಕೊಟ್ಟವಳು ಹಾಸ್ಟೆಲ್ಲಿನ ಅಡುಗೆಯ ಖಾಜಾಬಿ ಅಲ್ಲ. ನಾನು. ಇಪ್ಪತ್ತಾರು ವರ್ಷ ಇದನ್ನು ಯಾರಿಗೂ ಹೇಳಿಲ್ಲ — ಮೊನ್ನೆ ಶನಿವಾರ ಸಿಂಧನೂರಿನ ನಿನ್ನ ಶಾಲೆಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ನೀನು ಮಕ್ಕಳಿಗೆ ಸಿನಿಮಾ ತೋರಿಸಿದೆ. ನಿನ್ನ ಹಳೆಯ ವಾರ್ಡನ್ ಎಂದು ಲಿಂಗಸುಗೂರಿನಿಂದ ನನ್ನನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂಡಿಸಿದೆ. ನಾಜಿಗಳ ಕಾಲದ ಕಥೆ. ಯಹೂದಿಗಳನ್ನು ಮನೆಮನೆ ಹುಡುಕಿ, ರೈಲಿಗೆ ತುಂಬಿ, ಸಾವಿಗೆ ಕಳಿಸುತ್ತಿದ್ದ ಒಂದು ಊರು. ಬ್ರೆಡ್ಡಿನ ಭಟ್ಟಿ ನಡೆಸುವ ಹೆಂಗಸೊಬ್ಬಳು ಹಿಟ್ಟಿನ ಕೋಣೆಯಲ್ಲಿ ಒಂದು ಯಹೂದಿ ಕುಟುಂಬವನ್ನು ಬಚ್ಚಿಟ್ಟಿರುತ್ತಾಳೆ. ಸೈನಿಕರು ಬಂದು ಕೇಳುತ್ತಾರೆ. ಆಕೆ ಹಿಟ್ಟು ನಾದುವುದನ್ನು ನಿಲ್ಲಿಸದೆ, ಇಲ್ಲಿ ಯಾರೂ ಇಲ್ಲ ಅನ್ನುತ್ತಾಳೆ. ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಆ ಜನರ ದುಃಖದ ಪಕ್ಕದಲ್ಲಿ ನಮ್ಮ ಹಾಸ್ಟೆಲ್ಲಿನ ಸಂಗತಿಯನ್ನು ಇಟ್ಟು ಅಳೆಯುವ ಧೈರ್ಯ ನನಗಿಲ್ಲ. ಆದರೆ ಆ ಮಾತನ್ನು — ಯಾರೂ ಇಲ್ಲ ಎಂಬ ಆ ಮಾತನ್ನು — ನಾನು ಮೊದಲೂ ಒಮ್ಮೆ ಕೇಳಿದ್ದೆ.

ಸಿನಿಮಾ ಮುಗಿದ ಮೇಲೆ ನೀನು ಮಾತಿಗೆ ನಿಂತೆ. "ಎಲ್ಲಾರೂ ಇಂಥಾ ಹೆಂಗಸು ಇರಂಗಿಲ್ಲ. ನನ್ನ ಬಚ್ಚಿಟ್ಟ ಆಕೀನೇ ಕೀಲಿ ತಗದು ನನ್ನ ಹಿಡಿದು ಕೊಟ್ಟಳು. ನಮ್ಮ ಅಕ್ಕೋರು ಪಾಪ, ಏನು ಮಾಡ್ತಾರ?" ಅಂದೆ. ನನ್ನ ಕಡೆ ನೋಡಿ ನಕ್ಕೆ. ಮಕ್ಕಳು ಚಪ್ಪಾಳೆ ತಟ್ಟಿದರು. ನೀನು ಶಾಲು ಹೊದಿಸಿದೆ, ನಾನು ಹೊದ್ದುಕೊಂಡೆ.

ನಡೆದದ್ದು ಹೀಗೆ.

ನೀನು ಹತ್ತನೆಯ ತರಗತಿಯಲ್ಲಿದ್ದೆ. ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಮನೆಯವರು ಸೋದರಮಾವನ ಜೊತೆ ಲಗ್ನ ಗೊತ್ತು ಮಾಡಿ ನಿನ್ನನ್ನು ಊರಿಗೆ ಕರೆದೊಯ್ದಿದ್ದರು. ಅರಿಷಿಣ ಹಚ್ಚಿದ ಮರುದಿನವೇ ನೀನು ನಸುಕಿನ ಬಸ್ಸು ಹತ್ತಿ ಹಾಸ್ಟೆಲ್ಲಿಗೆ ಓಡಿಬಂದೆ. ಮೊಳಕೈತನಕ ಹಳದಿ. ಖಾಜಾಬಿ ನಿನಗೆ ಉಪ್ಪಿಟ್ಟು ತಿನ್ನಿಸಿ, ಉಗ್ರಾಣದಲ್ಲಿ ಅಕ್ಕಿ ಚೀಲಗಳ ಹಿಂದೆ ಕೂಡಿಸಿ ಕೀಲಿ ಹಾಕಿದಳು. ನನ್ನ ಹತ್ತಿರ ಬಂದು ಎಲ್ಲವನ್ನೂ ತಿಳಿಸಿ, "ಅಕ್ಕೋರ, ಇವತ್ತೊಂದಿನ ಹಾಜರಿಯೊಳಗ ಆಕಿ ಹೆಸರು ಬಿಟ್ಟುಬಿಡ್ರಿ" ಅಂದಳು. ನಾನು ಒಪ್ಪಲಿಲ್ಲ. ಪ್ರಾರ್ಥನೆ ಆರೂವರೆಗೆ, ಹಾಜರಿ ಏಳಕ್ಕೆ. ಹಾಸ್ಟೆಲ್ಲಿನಲ್ಲಿ ಉಂಡವರ ಹೆಸರು ಹಾಜರಿಯಲ್ಲಿ ಇರಲೇಬೇಕು — ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು ತಪ್ಪು ಗುರುತು ಹಾಕಿರಲಿಲ್ಲ. ನಿನ್ನ ಹೆಸರಿನ ಮುಂದೆ ಹಾಜರ್ ಎಂದು ಬರೆದು ಸಹಿ ಮಾಡಿದೆ.

ಒಂಬತ್ತಕ್ಕೆ ನಿನ್ನ ಊರು ಮಸ್ಕಿಯಿಂದ ಜೀಪು ಬಂತು. ನಿನ್ನ ಅಪ್ಪ, ನಿನ್ನ ಮಾವ. ಗದ್ದಲ ಮಾಡಲಿಲ್ಲ, ಆಫೀಸಿನಲ್ಲಿ ನನ್ನೆದುರು ಕುಳಿತು ಮರ್ಯಾದೆಯಿಂದಲೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಖಾಜಾಬಿ, "ಇಲ್ಲಿ ಯಾರೂ ಬಂದಿಲ್ರೀ ಯಪ್ಪಾ. ಊರಿಗೆ ಹೋದಾಕಿ ಇನ್ನ ತಿರುಗಿ ಬಂದಿಲ್ಲ" ಅಂದಳು. ದನಿ ನಡುಗಲಿಲ್ಲ. ನಿನ್ನ ಮಾವ ಎದ್ದು ಹೊರಗೆ ಹೋಗಿ ಚಪ್ಪಲಿಗೆ ಒಂದು ಕಾಲು ಹಾಕಿದ್ದ. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು —

ನಿನ್ನ ಅಪ್ಪ ನನ್ನ ಮುಖ ನೋಡಿ, "ಹೌದೇನ್ರಿ ಅಕ್ಕೋರ?" ಅಂದ.

ನಾನು ಹಾಜರಿ ಪುಸ್ತಕವನ್ನು ಅವನ ಕಡೆ ತಿರುಗಿಸಿ ನಿನ್ನ ಹೆಸರಿನ ಮೇಲೆ ಬೆರಳಿಟ್ಟೆ. ಒಂದು ಮಾತೂ ಆಡಲಿಲ್ಲ. ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡದ್ದು ಅದನ್ನೇ — ನಾನೇನೂ ಹೇಳಲಿಲ್ಲವಲ್ಲ. ಪೊಲೀಸ್ ಠಾಣೆ ನಮ್ಮ ಓಣಿಯ ತುದಿಯಲ್ಲೇ ಇತ್ತು. ನಿನಗೆ ಇನ್ನೂ ಹದಿನಾರು. ಠಾಣೆಗೆ ಹೋಗುವುದು ನನಗೆ ಹೊಳೆಯಲಿಲ್ಲ — ಇಲ್ಲ, ಹೊಳೆದಿತ್ತು. ಹೋಗಲಿಲ್ಲ.

ಉಗ್ರಾಣ ತೆಗೆ ಎಂದು ಖಾಜಾಬಿಗೆ ಹೇಳಿದೆ. ಅಲ್ಲಾಡಲಿಲ್ಲ. ಕೆಲಸ ಹೋಗುತ್ತದೆ ಅಂದೆ. ಮೂರು ಮಕ್ಕಳ ತಾಯಿ, ಗಂಡನಿಲ್ಲ. ಆಗ ನಡೆದಳು. ಬಾಗಿಲು ತೆರೆದಾಗ ನಿನಗೆ ಕಂಡದ್ದು ಕೀಲಿ ಹಿಡಿದ ಆಕೆ. ನಾನು ಆ ಗಂಡಸರ ಬೆನ್ನ ಹಿಂದಿದ್ದೆ.

"ಖಾಲಾ, ನೀನ ಹೇಳಿದೇನು?" ಎಂದು ಖಾಜಾಬಿಯನ್ನು ಕೇಳಿದೆ ನೀನು.

ಆಕೆ ತಿರುಗಿ ನನ್ನನ್ನು ನೋಡಿದಳು. ನಾನು ಹೇಳಲಿ ಎಂದು ಕಾದಳು. ನಾನು ಕೈಗಡಿಯಾರ ನೋಡಿಕೊಂಡೆ.

ಅವರು ನಿನ್ನನ್ನು ಕರೆದೊಯ್ದು ಲಗ್ನ ಮುಗಿಸಿದರು. ನೀನು ಪರೀಕ್ಷೆಗೆ ಬರಲಿಲ್ಲ. ಆ ಮನೆಯಿಂದ ಹೊರಬಂದು ಮತ್ತೆ ಪುಸ್ತಕ ಹಿಡಿಯಲು ಒಂಬತ್ತು ವರ್ಷ ಬೇಕಾಯಿತೆಂದು ಮೊನ್ನೆ ನಿನ್ನ ಬಾಯಿಂದಲೇ ಕೇಳಿದೆ. ಅಂದು ಸಂಜೆ ನಾನು ಮಾಡಿದ್ದೇನು ಗೊತ್ತೇ? ಸುಳ್ಳು ಹೇಳುವವರಿಗೆ ಇಲ್ಲಿ ಜಾಗವಿಲ್ಲ ಎಂದು ಖಾಜಾಬಿಯನ್ನು ಬೈದೆ. ಆಕೆ "ಹ್ಞೂಂ ರೀ" ಎಂದು ಅಕ್ಕಿ ತೊಳೆಯಲು ಹೋದಳು.

ಆಕೆ ಈಗ ಮುದಗಲ್‌ನಲ್ಲಿ ಮಗಳ ಮನೆಯಲ್ಲಿದ್ದಾಳೆ. ನಿನ್ನೆ ಬಸ್ಸು ಹತ್ತಿ ಹೋಗಿದ್ದೆ. ಕಣ್ಣು ಮಂಜಾಗಿದೆ, ದನಿಯಿಂದಲೇ ನನ್ನನ್ನು ಗುರುತು ಹಿಡಿದಳು. ಸಿನಿಮಾ, ನೀನು ಆಡಿದ ಮಾತು, ನಾನು ಸುಮ್ಮನೆ ಕುಳಿತದ್ದು — ಎಲ್ಲವನ್ನೂ ಹೇಳಿದೆ. ನನ್ನ ತಪ್ಪಿನ ಬಗ್ಗೆ ಒಂದು ಮಾತಿಲ್ಲ. "ಆಕಿ ಟೀಚರ್ ಆಗ್ಯಾಳೇನ್ರಿ?" ಎಂದಷ್ಟೇ ಕೇಳಿದಳು. ಎರಡು ಸಲ ಕೇಳಿದಳು.

ನಾಳೆ ಈ ಕಾಗದವನ್ನು ನಿನ್ನ ಕೈಗೆ ಕೊಡಲು ನಾನೇ ಬರುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತೇನೆ. ನಿನ್ನ ಶಾಲೆಯ ಮಕ್ಕಳೆದುರು ಹೇಳು ಅಂದರೆ ಅಲ್ಲಿಯೂ ಹೇಳುತ್ತೇನೆ. ಬರುತ್ತಿರುವುದು ಕ್ಷಮೆ ಕೇಳುವುದಕ್ಕಲ್ಲ. ಖಾಜಾಬಿ ಇಷ್ಟು ವರ್ಷ ಹೊತ್ತ ಅಪವಾದ ನನ್ನ ಮೇಲೆ ಬರಬೇಕು, ಅದಕ್ಕೆ.